ಒಂದು ಅಕ್ಷರಕ್ಕೆ ನೂರು ಪೌಂಡ್

2023ರ ಜುಲೈ ತಿಂಗಳ ಒಂದು ರಾತ್ರಿ, ಹಾಸನದ ನಮ್ಮ ಮನೆಯಲ್ಲಿ ಊಟ ಮುಗಿಸಿ ಕುಳಿತಿದ್ದಾಗ, ಇಂಗ್ಲೆಂಡಿನಲ್ಲಿರುವ ಮಗಳು ವಾಟ್ಸ್ಆ್ಯಪ್‌ನಲ್ಲಿ ಒಂದು ಪತ್ರದ ಫೋಟೊ ಕಳುಹಿಸಿದಳು. ಪತ್ರದಲ್ಲಿ ಅವಳ ಕಾರಿನ ಎರಡು ಚಿತ್ರಗಳಿದ್ದವು. ಒಂದು ಪಾರ್ಕಿಂಗ್ ಜಾಗದೊಳಗೆ ಬರುವಾಗ, ಇನ್ನೊಂದು ಹೊರಗೆ ಹೋಗುವಾಗ ಕ್ಯಾಮೆರಾ ತೆಗೆದದ್ದು. ಶುಲ್ಕ ಪಾವತಿಸದೆ ವಾಹನ ನಿಲ್ಲಿಸಿದ್ದಕ್ಕಾಗಿ 100 ಪೌಂಡ್ ಕಟ್ಟಬೇಕು, 14 ದಿನಗಳೊಳಗೆ ಕಟ್ಟಿದರೆ 60 ಪೌಂಡ್ ಸಾಕು ಎಂದು ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನಾನೂ ನನ್ನ ಹೆಂಡತಿಯೂ ಅವಳ ಮನೆಯಲ್ಲಿ ಮೂರು ತಿಂಗಳಿದ್ದು ಹಿಂದಿರುಗಿ ಆಗಿನ್ನೂ ಒಂದು ವಾರವಾಗಿತ್ತು.

ಫೋಟೊದ ಹಿಂದೆಯೇ ಅವಳ ಕರೆ ಬಂತು. “ಅಪ್ಪ, ಅವತ್ತು ಮೆಷಿನ್‌ನಲ್ಲಿ ದುಡ್ಡು ಕಟ್ಟಿದ್ದು ನೀವೇ ಅಲ್ವಾ?”

ಹೌದು, ನಾನೇ. ನಾವು ಹೊರಡುವ ಎರಡು ದಿನ ಮುಂಚೆ ಊರಿಗೆ ಒಯ್ಯಬೇಕಾದ ಸಾಮಾನು ಕೊಳ್ಳಲು ಅಂಗಡಿಗಳ ಒಂದು ದೊಡ್ಡ ಆವರಣಕ್ಕೆ ಹೋಗಿದ್ದೆವು. ಮೊಮ್ಮಗು ಕಾರಿನಲ್ಲಿ ಅಳುತ್ತಿತ್ತು. ಅವಳು ಮಗುವನ್ನು ಎತ್ತಿಕೊಳ್ಳಲಿ ಎಂದು, ಟಿಕೆಟ್ ನಾನು ತರುತ್ತೇನೆ ಎಂದು ಹೇಳಿ ಯಂತ್ರದ ಬಳಿಗೆ ಹೋದವನು ನಾನು. ಕಾರಿನ ಪೂರ್ಣ ನೋಂದಣಿ ಸಂಖ್ಯೆಯನ್ನು ಒತ್ತುವಂತೆ ಆ ಯಂತ್ರ ಕೇಳಿತ್ತು. ಒತ್ತಿದೆ. 3 ಪೌಂಡ್ 20 ಪೆನ್ಸ್ ನಾಣ್ಯಗಳನ್ನು ಹಾಕಿದೆ. ಮೂರು ಗಂಟೆಗಳ ಟಿಕೆಟ್ ಬಂತು. ಅಲ್ಲಿ ಅದನ್ನು ಕಾರಿನ ಗಾಜಿನ ಬಳಿ ಇಡುವ ನಿಯಮವಿರಲಿಲ್ಲವಾದ್ದರಿಂದ ಮಡಚಿ ಜೇಬಿಗೆ ಹಾಕಿಕೊಂಡೆ. ಎರಡು ಗಂಟೆ ಹತ್ತು ನಿಮಿಷಗಳಲ್ಲಿ ಅಲ್ಲಿಂದ ಹೊರಟಿದ್ದೆವು ಎನ್ನುವುದಕ್ಕೆ ಅವರ ಕ್ಯಾಮೆರಾದ ಚಿತ್ರಗಳೇ ಸಾಕ್ಷಿಯಾಗಿದ್ದವು.

ಮಗಳು ಹೆದರಿದ್ದಳು. ಪತ್ರದ ವಿನ್ಯಾಸ, ಅದರ ಮೇಲಿನ ಉಲ್ಲೇಖ ಸಂಖ್ಯೆ, ಕ್ಯಾಮೆರಾದ ಚಿತ್ರಗಳು ಎಲ್ಲವನ್ನೂ ನೋಡಿ ಅದು ಸರ್ಕಾರ ವಿಧಿಸಿದ ದಂಡವೆಂದೇ ತಿಳಿದಿದ್ದಳು. ತನ್ನ ವೀಸಾಕ್ಕೆ ಇದರಿಂದ ತೊಂದರೆಯಾಗುತ್ತದೆಯೇ ಎನ್ನುವುದು ಅವಳ ಮೊದಲ ಪ್ರಶ್ನೆಯಾಗಿತ್ತು. “ಅರವತ್ತು ಪೌಂಡ್ ಕಟ್ಟಿಬಿಡ್ತೀನಪ್ಪ, ತಲೆನೋವು ತಪ್ಪಲಿ” ಎಂದಳು. ಆಗಿನ ಲೆಕ್ಕದಲ್ಲಿ ಅದು ಆರು ಸಾವಿರ ರೂಪಾಯಿಗೂ ಮೇಲೆ. ಒಂದೆರಡು ದಿನ ತಡಿ, ಆ ಪತ್ರದ ಎಲ್ಲ ಪುಟಗಳನ್ನೂ ಕಳುಹಿಸು ಎಂದೆ.

ನಾನು ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಪ್ರಥಮ ದರ್ಜೆ ಸಹಾಯಕನಾಗಿ ನಿವೃತ್ತನಾದೆ. ನನ್ನ ಕೈಯಿಂದ ಹೊರಟ ನೋಟಿಸುಗಳಿಗೆ ಲೆಕ್ಕವಿಲ್ಲ. ಒಂದು ನೋಟಿಸು ಕೈಗೆ ಬಂದರೆ ಯಾವ ಕಾಯಿದೆಯ ಯಾವ ಕಲಮಿನಡಿ ಕಳುಹಿಸಿದ್ದಾರೆ, ಕಳುಹಿಸಿದವರಿಗೆ ಆ ಅಧಿಕಾರ ಎಲ್ಲಿಂದ ಬಂತು ಎಂದು ಮೊದಲು ನೋಡುವುದು ನನಗೆ ಉಸಿರಾಟದಷ್ಟು ಸಹಜ. ಮಗಳ ಪತ್ರವನ್ನೂ ಹಾಗೆಯೇ ಓದಿದೆ. ಅಲ್ಲಿ ಪಿಸಿಎನ್ ಎಂಬ ಮೂರಕ್ಷರದ ಹೆಸರಿನಲ್ಲಿ ಎರಡು ಬಗೆಯ ಪತ್ರಗಳು ಬರುತ್ತವೆ. ಸ್ಥಳೀಯ ಆಡಳಿತ ಕಳುಹಿಸುವುದು ‘ಪೆನಾಲ್ಟಿ ಚಾರ್ಜ್ ನೋಟಿಸ್’. ಅದು ಕಾನೂನಿನಂತೆ ವಿಧಿಸಿದ ದಂಡ. ಖಾಸಗಿ ಜಾಗ ನೋಡಿಕೊಳ್ಳುವ ಕಂಪನಿ ಕಳುಹಿಸುವುದು ‘ಪಾರ್ಕಿಂಗ್ ಚಾರ್ಜ್ ನೋಟಿಸ್’; ಅದು ಕರಾರು ಮುರಿದಿದ್ದೀರಿ, ಆದ್ದರಿಂದ ಇಷ್ಟು ಕೊಡಿ ಎಂಬ ಬೇಡಿಕೆ. ಎರಡನೆಯದು ಅಪರಾಧದ ಮಾತಲ್ಲ, ವ್ಯವಹಾರದ ಮಾತು. ನಮ್ಮ ಕೈಯಲ್ಲಿದ್ದುದು ಆ ಎರಡನೆಯದು. ಹಾಗೆಂದು ಅದನ್ನು ಕಸದ ಬುಟ್ಟಿಗೆ ಎಸೆದು ಸುಮ್ಮನಿರುವುದೂ ಸರಿಯಲ್ಲ. ಕಂಪನಿ ಕೌಂಟಿ ನ್ಯಾಯಾಲಯಕ್ಕೆ ಹೋಗಿ ತೀರ್ಪು ಪಡೆದರೆ, ಒಂದು ತಿಂಗಳೊಳಗೆ ಹಣ ಕಟ್ಟದಿದ್ದಲ್ಲಿ ಆ ತೀರ್ಪು ಆರು ವರ್ಷ ದಾಖಲೆಯಲ್ಲಿ ಉಳಿದು ಸಾಲ ಪಡೆಯುವುದಕ್ಕೆ ಅಡ್ಡಿಯಾಗುತ್ತದೆ. ಇಷ್ಟನ್ನು ಅವಳಿಗೆ ತಿಳಿಸಿ ಹೇಳಿದ ಮೇಲೆ ಅವಳ ಧ್ವನಿ ಸ್ವಲ್ಪ ಹದಕ್ಕೆ ಬಂತು.

ಆದರೆ ಕಟ್ಟಿದ ಹಣ ಎಲ್ಲಿಗೆ ಹೋಯಿತು? ಟಿಕೆಟ್ ಸಿಕ್ಕಿದರೆ ತಿಳಿಯುತ್ತಿತ್ತು. ಆ ದಿನ ತೊಟ್ಟಿದ್ದ ಅಂಗಿ ಒಗೆದು ಇಸ್ತ್ರಿಯಾಗಿತ್ತು. ಪೆಟ್ಟಿಗೆ, ಕೋಟು, ಔಷಧಿಯ ಚೀಲ ಎಲ್ಲವನ್ನೂ ಜಾಲಾಡಿದೆವು. ಕೊನೆಗೆ ನನ್ನ ಹೆಂಡತಿಯೇ, “ರೀ, ಬಸ್ ಟಿಕೆಟ್ ಇಟ್ಟ ಹಾಗೆ ಡೈರೀಲಿ ಇಟ್ಟಿರ್ತೀರಿ, ನೋಡಿ” ಎಂದಳು. ಇತ್ತು. ಬೆರಳಗಲದ ಆ ಚೀಟಿ ಶಾಖಕ್ಕೆ ಅಕ್ಷರ ಮೂಡಿಸುವ ನುಣುಪು ಕಾಗದದ್ದಾಗಿತ್ತು; ಮಡಿಕೆ ಬಿದ್ದ ಕಡೆ ಅಕ್ಷರಗಳು ಆಗಲೇ ಬೂದು ಬಣ್ಣಕ್ಕೆ ತಿರುಗಿದ್ದವು. ಕನ್ನಡಕ ಒರೆಸಿಕೊಂಡು ದೀಪದಡಿಯಲ್ಲಿ ಹಿಡಿದು ಓದಿದೆ. ದಿನಾಂಕ ಸರಿಯಾಗಿತ್ತು, ಸಮಯ ಸರಿಯಾಗಿತ್ತು, ಹಣವೂ ಸರಿಯಾಗಿತ್ತು. ವಾಹನದ ಸಂಖ್ಯೆ ಮಾತ್ರ ‘ಕೆಎ 13’ (KA 13) ಎಂದು ಶುರುವಾಗಿತ್ತು.

ಮಗಳ ಕಾರಿನ ಸಂಖ್ಯೆ ಶುರುವಾಗುವುದು ‘ಕೆಎಕ್ಸ್ 13’ (KX 13) ಎಂದು. ಅಲ್ಲಿ 2001ರಿಂದ ಬಂದ ಪದ್ಧತಿಯಂತೆ ಮೊದಲಕ್ಷರ ‘ಕೆ’ ಲೂಟನ್, ನಾರ್ಥಾಂಪ್ಟನ್ ಭಾಗದ ಗುರುತು. 13 ಎಂದರೆ 2013ರ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ ನೋಂದಣಿಯಾದ ವಾಹನ. ಆದರೆ ಹಾಸನದವನಾದ ನನ್ನ ಬೆರಳಿಗೆ ‘ಕೆ’ ಆದ ಮೇಲೆ ‘ಎ’, ಅದಾದ ಮೇಲೆ 13 ಎನ್ನುವುದು ಬೇರೂರಿಬಿಟ್ಟಿದೆ. ನನ್ನ ಸ್ಕೂಟರಿನ ವಿಮೆ, ಹೊಗೆ ತಪಾಸಣೆಯ ಚೀಟಿ, ಮಗನ ಕಾರಿನ ಫಾಸ್ಟ್ಯಾಗ್, ಎಲ್ಲಕ್ಕೂ ಇಪ್ಪತ್ತು ವರ್ಷಗಳಿಂದ ಬರೆಯುತ್ತಾ ಬಂದದ್ದು ಕೆಎ 13. ಏಳು ಅಕ್ಷರ ಅಂಕಿಗಳಲ್ಲಿ ಆರು ಸರಿಯಾಗಿದ್ದವು, ಎರಡನೆಯದೊಂದು ತಪ್ಪಿತ್ತು. ತಪ್ಪು ನನ್ನದೇ ಎಂಬುದರಲ್ಲಿ ಸಂದೇಹವಿರಲಿಲ್ಲ, ಅದನ್ನು ಮುಚ್ಚಿಡುವ ಮನಸ್ಸೂ ನನಗಿರಲಿಲ್ಲ.

ನಮ್ಮೂರ ಬಸ್ ನಿಲ್ದಾಣದ ಬಳಿ ಸ್ಕೂಟರ್ ನಿಲ್ಲಿಸಿ ಹೋಗುವಾಗ ಚೀಟಿ ಬರೆಯುವ ಹುಡುಗ ಒಮ್ಮೆ 6ರ ಜಾಗದಲ್ಲಿ 8 ಬರೆದಿದ್ದ. ಸಂಜೆ ಬಂದಾಗ ಇನ್ನೊಬ್ಬ ಕುಳಿತಿದ್ದ. ಅವನು ಚೀಟಿ ನೋಡಿದ, ಸ್ಕೂಟರ್ ನೋಡಿದ, ಬೆಳಿಗ್ಗೆ ಬರೆದವನನ್ನು ಕೂಗಿ ಕೇಳಿದ, ಬಿಟ್ಟ. ಅಲ್ಲಿ ನೋಡುವುದಕ್ಕೆ ಒಂದು ಜೊತೆ ಕಣ್ಣುಗಳಿದ್ದವು. ಇಂಗ್ಲೆಂಡಿನ ಆ ಜಾಗದಲ್ಲಿ ಕ್ಯಾಮೆರಾದ ಪಟ್ಟಿಯನ್ನೂ ಟಿಕೆಟ್ ಯಂತ್ರದ ಪಟ್ಟಿಯನ್ನೂ ಹೋಲಿಸಿ ನೋಡುವ ಕೆಲಸ ಗಣಕಯಂತ್ರದ್ದು. ಒಂದಕ್ಷರ ಹೊಂದದಿದ್ದರೆ ಹಣ ಕಟ್ಟಿಲ್ಲವೆಂದೇ ಅದು ಭಾವಿಸುತ್ತದೆ. ಹೊಂದದ ಸಂಖ್ಯೆ ಸಿಕ್ಕಿದ ಕೂಡಲೆ ಎರಡೂವರೆ ಪೌಂಡ್ ಕೊಟ್ಟು ಅಲ್ಲಿಯ ವಾಹನ ನೋಂದಣಿ ಇಲಾಖೆಯಿಂದ ಮಾಲೀಕರ ವಿಳಾಸ ಪಡೆಯುತ್ತಾರೆ, ಪತ್ರ ಹೊರಡುತ್ತದೆ.

ಮಾರನೆಯ ದಿನ ಬೆಳಿಗ್ಗೆ ಮೇಲ್ಮನವಿ ಬರೆಯಲು ಕುಳಿತೆ. ಹೊರಗೆ ಮುಂಗಾರಿನ ಜಡಿಮಳೆ. ಕರೆಂಟು ಇರಲಿಲ್ಲ. ಚೀಟಿಯ ಫೋಟೊ ತೆಗೆಯಲು ಸಾಕಷ್ಟು ಬೆಳಕಿಲ್ಲದೆ, ಹತ್ತು ಗಂಟೆಗೆ ಮಳೆ ಬಿಟ್ಟಾಗ ವರಾಂಡದ ಕಟ್ಟೆಯ ಮೇಲೆ ಬಿಳಿ ಹಾಳೆ ಹಾಸಿ, ಅದರ ಮೇಲೆ ಚೀಟಿಯನ್ನಿಟ್ಟು, ನಾಲ್ಕು ಮೂಲೆಗೂ ನಾಣ್ಯವಿಟ್ಟು ತೆಗೆದೆ. ಪತ್ರವನ್ನು ಮೊದಲು ಕನ್ನಡದಲ್ಲೇ ಬರೆದೆ. ಮಾನ್ಯರೇ, ವಿಷಯ, ಉಲ್ಲೇಖ ಎಂದು ಕಚೇರಿಯ ಪದ್ಧತಿಯಂತೆಯೇ ಶುರುಮಾಡಿದೆ. ಭಾವನೆಯ ಮಾತು ಒಂದೂ ಬೇಡ, ಮಗು ಅಳುತ್ತಿತ್ತು ಎಂದೂ ಬರೆಯಬೇಡ ಎಂದು ಮಗಳಿಗೆ ಹೇಳಿದೆ. ಬರೆದದ್ದರ ಸಾರ ಇಷ್ಟು: ಶುಲ್ಕ ಪೂರ್ಣವಾಗಿ ಸಂದಿದೆ, ಟಿಕೆಟಿನ ಪ್ರತಿ ಲಗತ್ತಿಸಿದೆ, ಸಂಖ್ಯೆ ಒತ್ತುವಾಗ ಒಂದಕ್ಷರ ತಪ್ಪಿದೆ, ಅದನ್ನು ಒಪ್ಪಿಕೊಳ್ಳುತ್ತೇವೆ, ತಪ್ಪಾಗಿ ಒತ್ತಿದ ಸಂಖ್ಯೆಯ ವಾಹನವೇನಾದರೂ ಆ ದಿನ ನಿಮ್ಮ ಆವರಣಕ್ಕೆ ಬಂದಿದ್ದರೆ ಕ್ಯಾಮೆರಾ ದಾಖಲೆಯಿಂದ ತೋರಿಸಿ, ಬಂದಿಲ್ಲವಾದರೆ ಆ ಹಣ ನಮ್ಮದೇ ಕಾರಿಗೆ ಕಟ್ಟಿದ್ದೆಂದು ಒಪ್ಪಿ ಈ ಬೇಡಿಕೆಯನ್ನು ರದ್ದುಗೊಳಿಸಿ.

ಇಷ್ಟರ ಜೊತೆಗೆ ಒಂದು ಆಧಾರವೂ ಸಿಕ್ಕಿತ್ತು. ಆ ಕಂಪನಿ ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್‌ನ ಸದಸ್ಯ ಸಂಸ್ಥೆ ಎಂದು ಪತ್ರದ ಅಡಿಯಲ್ಲೇ ಅಚ್ಚಾಗಿತ್ತು. ಆ ಸಂಘ 2020ರಲ್ಲಿ ತಂದ ನಿಯಮಾವಳಿಯಲ್ಲಿ ಇಂಥ ತಪ್ಪುಗಳ ಬಗ್ಗೆಯೇ ಒಂದು ಭಾಗವಿತ್ತು: ಹಣ ಕಟ್ಟಿದ್ದು, ಒಂದಕ್ಷರ ಮಾತ್ರ ತಪ್ಪಿದ್ದರೆ ಮೊದಲ ಮೇಲ್ಮನವಿಯಲ್ಲೇ ರದ್ದು ಮಾಡಬೇಕು; ಹಲವು ಅಕ್ಷರಗಳು ತಪ್ಪಿದ್ದರೆ, ಇಲ್ಲವೇ ಬೇರೆಯದೇ ಕಾರಿನ ಸಂಖ್ಯೆ ಒತ್ತಿದ್ದರೆ, 20 ಪೌಂಡಿಗಿಂತ ಹೆಚ್ಚು ಕೇಳಬಾರದು. ಮಗಳು ಇದನ್ನು ಓದಿ ಹೇಳಿದಾಗ ನನಗೆ ನೆಮ್ಮದಿಗಿಂತ ಸಿಟ್ಟೇ ಹೆಚ್ಚಾಯಿತು. ಇಂಥ ತಪ್ಪು ನಡೆಯುತ್ತದೆ ಎಂದು ಅವರಿಗೆ ಗೊತ್ತಿದೆ, ನಡೆದರೆ ಏನು ಮಾಡಬೇಕೆಂದೂ ಬರೆದಿಟ್ಟುಕೊಂಡಿದ್ದಾರೆ, ಆದರೂ ನೋಟಿಸಿನಲ್ಲಿ ಆ ಒಂದು ಸಾಲು ಇಲ್ಲ. ಇದ್ದಿದ್ದರೆ ನನ್ನ ಮಗಳು ಆ ರಾತ್ರಿ ವೀಸಾದ ಬಗ್ಗೆ ಯೋಚಿಸಿ ನಡುಗಬೇಕಾಗಿರಲಿಲ್ಲ.

ಅಳಿಯನ ಸಹೋದ್ಯೋಗಿಯೊಬ್ಬರು ಬೇರೆ ದಾರಿ ಸೂಚಿಸಿದ್ದರು. 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯಿದೆಯ ನಾಲ್ಕನೆಯ ಅನುಸೂಚಿಯಂತೆ, ಕ್ಯಾಮೆರಾದ ಮೂಲಕ ಹಿಡಿದ ಪ್ರಕರಣದಲ್ಲಿ ನೋಟಿಸು 14 ದಿನಗಳೊಳಗೆ ತಲುಪದಿದ್ದರೆ ಮಾಲೀಕರಿಂದ ಹಣ ಕೇಳುವಂತಿಲ್ಲ; ಆದ್ದರಿಂದ ಚಾಲಕರು ಯಾರೆಂದು ಹೇಳಬೇಡಿ, ದಿನ ಎಣಿಸಿ ಎಂದರು. ನಮ್ಮ ನೋಟಿಸು ಒಂಬತ್ತನೆಯ ದಿನಕ್ಕೇ ತಲುಪಿತ್ತು. ತಡವಾಗಿದ್ದರೂ ಆ ದಾರಿಯನ್ನು ನಾನು ಮೊದಲಿಗೆ ಇಡುತ್ತಿರಲಿಲ್ಲ. ಹಣ ಕಟ್ಟಿದವನು, ಕಟ್ಟಿದ್ದೇನೆ ಎಂದೇ ಹೇಳಬೇಕು. ಹೇಳಬೇಕಾದ ಮಾತು ನಮ್ಮ ಬಳಿ ಇರುವಾಗ ದಿನ ಎಣಿಸುವುದರ ಹಿಂದೆ ನಿಲ್ಲುವುದು ನನಗೆ ಒಗ್ಗುವುದಿಲ್ಲ.

ಮೂರು ವಾರಗಳ ಮೇಲೆ ಉತ್ತರ ಬಂತು. ತಿರಸ್ಕರಿಸಲಾಗಿದೆ. ಈ ವಾಹನಕ್ಕೆ ಟಿಕೆಟ್ ಕೊಂಡಿಲ್ಲ, ಷರತ್ತುಗಳನ್ನು ಫಲಕದಲ್ಲಿ ಪ್ರಕಟಿಸಲಾಗಿದೆ, ಇನ್ನೂ 14 ದಿನ 60 ಪೌಂಡಿನ ರಿಯಾಯಿತಿ ಇದೆ, ಇಷ್ಟೇ. ನಾವು ಕಳುಹಿಸಿದ ಟಿಕೆಟಿನ ಬಗ್ಗೆಯಾಗಲಿ, ಒಂದಕ್ಷರದ ಬಗ್ಗೆಯಾಗಲಿ, ನಿಯಮಾವಳಿಯ ಬಗ್ಗೆಯಾಗಲಿ ಒಂದು ಶಬ್ದವೂ ಇರಲಿಲ್ಲ. ಕಚೇರಿಯಲ್ಲಿ ನಾನು ಇಂಥ ಟಿಪ್ಪಣಿ ಇಟ್ಟಿದ್ದರೆ ನಮ್ಮ ಸಾಹೇಬರು ಕಡತವನ್ನು ಮೇಜಿನ ಮೇಲಿಂದ ಹಿಂದಕ್ಕೆ ತಳ್ಳುತ್ತಿದ್ದರು. ಅರ್ಜಿಯಲ್ಲಿ ಎತ್ತಿದ ಅಂಶಕ್ಕೆ ಉತ್ತರವಿಲ್ಲದ ಹಿಂಬರಹ ಹಿಂಬರಹವೇ ಅಲ್ಲ.

ಈ ಹಂತದಲ್ಲಿ ಮಗಳೂ ಅಳಿಯನೂ ಸೋತರು. ಮುಂದಿನ ಮೆಟ್ಟಿಲು ಪಾಪ್ಲಾ ಎಂಬ ಸ್ವತಂತ್ರ ಮೇಲ್ಮನವಿ ವ್ಯವಸ್ಥೆ. ಅಲ್ಲಿಗೆ ಹೋಗಲು 28 ದಿನಗಳ ಅವಕಾಶವಿತ್ತು, ಶುಲ್ಕವಿರಲಿಲ್ಲ. ಅದರ ತೀರ್ಮಾನಕ್ಕೆ ಕಂಪನಿ ಬದ್ಧ, ವಾಹನ ಸವಾರರು ಬದ್ಧರಲ್ಲ. ಆದರೆ ಅಲ್ಲಿ ಸೋತರೆ 60ರ ರಿಯಾಯಿತಿ ಹೋಗಿ 100 ಪೌಂಡಿನ ಬೇಡಿಕೆಯೇ ಉಳಿಯುತ್ತದೆ. ಅಳಿಯ ಓದಿಕೊಂಡವನು, 2015ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಪಾರ್ಕಿಂಗ್‌ಐ ಎಂಬ ಪಾರ್ಕಿಂಗ್ ಕಂಪನಿ ಮತ್ತು ಬೀವಿಸ್ ಎಂಬ ಕಾರು ಚಾಲಕರ ನಡುವಿನ ಪ್ರಕರಣದಲ್ಲಿ 85 ಪೌಂಡಿನ ಇಂಥದೇ ಬೇಡಿಕೆಯನ್ನು ಎತ್ತಿಹಿಡಿದಿದೆ ಎಂದ. ನಾನು ಆ ತೀರ್ಪಿನ ಸಾರಾಂಶವನ್ನು ಅವನಿಂದಲೇ ಓದಿಸಿ ಕೇಳಿದೆ. ಚೆಲ್ಮ್ಸ್‌ಫರ್ಡ್‌ನ ಆ ಜಾಗದಲ್ಲಿ ಎರಡು ಗಂಟೆ ಉಚಿತ. ಆ ವ್ಯಕ್ತಿ 56 ನಿಮಿಷ ಹೆಚ್ಚು ನಿಂತಿದ್ದರು. ಜಾಗ ಬೇಗ ಖಾಲಿಯಾಗಿ ಬೇರೆ ಗ್ರಾಹಕರಿಗೆ ಸಿಗಬೇಕು ಎನ್ನುವ ಹಿತಾಸಕ್ತಿ ನ್ಯಾಯಸಮ್ಮತವಾದದ್ದು, ಅದಕ್ಕಾಗಿ ಅಷ್ಟು ಮೊತ್ತ ವಿಪರೀತವಲ್ಲ ಎಂದು ನ್ಯಾಯಾಲಯ ಹೇಳಿತ್ತು. ನಾವು ಹೆಚ್ಚು ನಿಂತಿರಲಿಲ್ಲ, ಶುಲ್ಕ ತಪ್ಪಿಸಿರಲಿಲ್ಲ, ಐವತ್ತು ನಿಮಿಷ ಮೊದಲೇ ಜಾಗ ಬಿಟ್ಟಿದ್ದೆವು. ಇಲ್ಲಿ ಅವರು ಕಾಪಾಡಬೇಕಾದ ಹಿತಾಸಕ್ತಿ ಯಾವುದು? ನಮ್ಮ ದೇಶದ 1872ರ ಕರಾರು ಕಾಯಿದೆಯ 74ನೆಯ ಕಲಂ ಕೂಡ, ಕರಾರಿನಲ್ಲಿ ಎಷ್ಟೇ ಮೊತ್ತ ಬರೆದಿರಲಿ, ಅದರ ಮಿತಿಯೊಳಗೆ ನ್ಯಾಯವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ. ಆ ಕಾಯಿದೆ ಅಲ್ಲಿ ನಡೆಯುವುದಿಲ್ಲ, ನಿಜ; ಅದರ ಹಿಂದಿನ ನ್ಯಾಯ ಅಳಿಯನಿಗೆ ಅರ್ಥವಾಯಿತು.

“ನೂರು ಪೌಂಡ್ ಹೋದರೆ ನನ್ನ ಪಿಂಚಣಿಯಿಂದ ಕೊಡ್ತೀನಿ ಕಣಮ್ಮ, ತಪ್ಪು ಒತ್ತಿದ್ದು ನಾನು. ಆದರೆ ಕೊಟ್ಟ ದುಡ್ಡನ್ನ ಕೊಟ್ಟಿಲ್ಲ ಅಂತ ಒಪ್ಪಿಕೊಳ್ಳೋದು ಬೇಡ” ಎಂದೆ. ಎರಡು ದಿನ ಅವಳು ಏನೂ ಹೇಳಲಿಲ್ಲ. ಮೂರನೆಯ ರಾತ್ರಿ ಪಾಪ್ಲಾಕ್ಕೆ ಕಳುಹಿಸಿದ ಅರ್ಜಿಯ ಪ್ರತಿ ಬಂತು. ನಾನು ಬರೆದುಕೊಟ್ಟಿದ್ದಕ್ಕಿಂತ ಚೆನ್ನಾಗಿತ್ತು. ಎರಡು ಸಂಖ್ಯೆಗಳನ್ನೂ ಒಂದರ ಕೆಳಗೊಂದು ಬರೆದು, ತಪ್ಪಿದ ಅಕ್ಷರದ ಸುತ್ತ ಕೆಂಪು ಗೆರೆ ಎಳೆದಿದ್ದಳು.

ಸೆಪ್ಟೆಂಬರ್ ಕೊನೆಯಲ್ಲಿ ಮಿಂಚಂಚೆ ಬಂತು. ಕಂಪನಿ ಪಾಪ್ಲಾದ ಮುಂದೆ ತನ್ನ ವಾದ ಮಂಡಿಸದೆ ಬೇಡಿಕೆಯನ್ನು ಹಿಂತೆಗೆದುಕೊಂಡಿದೆ, ಇನ್ನು ಏನೂ ಕಟ್ಟಬೇಕಿಲ್ಲ ಎಂದು ಎರಡೇ ಸಾಲು. ತಮ್ಮಿಂದ ತಪ್ಪಾಯಿತು ಎಂದಾಗಲಿ, ಮೊದಲೇ ಏಕೆ ಹಿಂತೆಗೆದುಕೊಳ್ಳಲಿಲ್ಲ ಎಂದಾಗಲಿ ಅದರಲ್ಲಿರಲಿಲ್ಲ. ಮಗಳು ಖುಷಿಯಿಂದ ಅಳುವಂತಿದ್ದಳು.

ನನಗೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಅದೇ ವಾರ ಕಂಪನಿಗೆ ಇನ್ನೊಂದು ಪತ್ರ ಬರೆಸಿದೆ: ಹಣ ಪಡೆಯುವ ಮುನ್ನ ಒತ್ತಿದ ಸಂಖ್ಯೆಯನ್ನು ದೊಡ್ಡಕ್ಷರದಲ್ಲಿ ತೋರಿಸಿ, ಇದು ಸರಿಯೇ ಎಂದು ಯಂತ್ರ ಇನ್ನೊಮ್ಮೆ ಕೇಳುವಂತೆ ಮಾಡಿ, ಒಳಗೆ ಬಂದ ಯಾವ ವಾಹನಕ್ಕೂ ಸೇರದ ಸಂಖ್ಯೆಗೆ ಹಣ ಬಿದ್ದಿದ್ದರೆ, ನೋಟಿಸು ಕಳುಹಿಸುವ ಮುಂಚೆ ಒಬ್ಬರು ಕಣ್ಣಾಡಿಸಿ ನೋಡಲಿ. ಅದಕ್ಕೆ ಉತ್ತರ ಬರಲಿಲ್ಲ. ಡಿಸೆಂಬರ್‌ನಲ್ಲಿ ಮಗಳು ಮತ್ತೆ ಅದೇ ಜಾಗಕ್ಕೆ ಹೋದಾಗ ಯಂತ್ರ ಮೊದಲಿನಂತೆಯೇ ಇತ್ತಂತೆ. ಅಲ್ಲಿಂದಲೇ ಕರೆ ಮಾಡಿ, ಕಾರಿನ ಸಂಖ್ಯೆಯನ್ನು ಒಂದೊಂದೇ ಅಕ್ಷರವಾಗಿ ನನಗೆ ಓದಿ ಹೇಳುತ್ತಾ ಒತ್ತಿದಳು. ನಾನು ಇಲ್ಲಿ ಡೈರಿಯಲ್ಲಿ ಬರೆದುಕೊಂಡು, ಹೌದು, ಸರಿಯಾಗಿದೆ ಎಂದೆ.