ಗೋಡೆ ಮತ್ತೆ ಗುಳ್ಳೆ ಎದ್ದಿದೆ

ಮೂರನೇ ಸಲ ಬಣ್ಣ ಹೊಡೆಸಿದ ಗೋಡೆ. ಇವತ್ತು ಮತ್ತೆ ಅದೇ ಜಾಗದಲ್ಲಿ ಗುಳ್ಳೆ.

ಉಗುರಲ್ಲಿ ಕೆರೆದೆ. ಹಳೇ ಕಾಗದದ ಹಾಗೆ ಸುರುಳಿ ಸುರುಳಿಯಾಗಿ ಕಳಚಿ ಬಂತು. ಹಿಂದೆ ಬೆರಳಿಗೆ ಹತ್ತುವ ಬಿಳಿ ಪುಡಿ. ಉಪ್ಪು. ನೀರು ಇದನ್ನು ಇಟ್ಟಿಗೆಯೊಳಗಿಂದ ಹೊತ್ತು ತಂದು, ತಾನು ಆರಿಹೋಗಿ, ಇಲ್ಲಿ ಬಿಟ್ಟಿದೆ.

ನಾನೋ, ದುಬಾರಿ ಬಣ್ಣ ತಂದರೆ ಗೋಡೆ ಸುಮ್ಮನಿರುತ್ತೆ ಅಂದುಕೊಂಡಿದ್ದೆ!

ಮೇಸ್ತ್ರಿ ನಕ್ಕರು. "ಮೊದಲು ನೀರು ಎಲ್ಲಿಂದ ಬರ್ತಿದೆ ನೋಡಿ ಸಾರ್."

ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿದ್ದೀನಿ. 24 ಗಂಟೆ ಬಿಡಬೇಕು. ಹನಿ ಹಾಳೆಯ ಹಿಂದೆ ಕೂತರೆ ತೇವ ಗೋಡೆಯದು, ಮುಂದೆ ಕೂತರೆ ಕೋಣೆಯ ಗಾಳಿಯದು.

ಗೋಡೆಯ ಆಚೆ ಬದಿ ಬಚ್ಚಲು. ನನ್ನ ಅನುಮಾನ ಅದರ ಮೇಲೇ.