ಕಾರ್ಮೆಲ್ ಅಂದ್ರೆ ಮೌನ, ಮತ್ತೆ ಶಾಲೆ ಯಾಕೆ?

ಕಾರ್ಮೆಲ್ ಅಂದರೆ ಮೌನ, ಪ್ರಾರ್ಥನೆಗೆ ಹೆಸರಾದ ಕ್ಯಾಥೋಲಿಕ್ ಸನ್ಯಾಸಿ ಪರಂಪರೆ. ನಾನು ಓದಿದ್ದು ಅದೇ ಹೆಸರಿನ ಅಪೋಸ್ತಲಿಕ್ ಕಾರ್ಮೆಲ್ ಸಭೆಯ (ಸನ್ಯಾಸಿನಿಯರ ಸಂಘದ) ಸಿಸ್ಟರುಗಳ ಶಾಲೆಯಲ್ಲಿ. ಹಾಗಾಗಿ ಗೆಳೆಯರೆಲ್ಲ ಈ ಪ್ರಶ್ನೆಯನ್ನು ನನ್ನ ಹತ್ತಿರವೇ ತರುತ್ತಾರೆ: "ಕಾರ್ಮೆಲ್ ಸಿಸ್ಟರುಗಳು ಮಠದಿಂದ ಹೊರಗೇ ಬರುವುದಿಲ್ಲ ಅಲ್ವಾ? ಇವರು ಹೇಗೆ ಪಾಠ ಮಾಡ್ತಾರೆ?" (ಸಿಸ್ಟರುಗಳ ಹೆಸರಿನ ಕೊನೆಗಿರುವ ಎ.ಸಿ. ಬಗ್ಗೆಯೂ ಕೇಳುತ್ತಾರೆ. ಅದು ಸಭೆಯ ಹೆಸರಿನ ಚಿಕ್ಕ ರೂಪ, ಅಷ್ಟೇ. ಏರ್ ಕಂಡೀಷನ್ ಜೋಕು ನಾವೂ ಮಾಡಿಯಾಗಿದೆ.)

ಉತ್ತರ ಸೋಫಿ ಲೀವ್ಸ್ ಎಂಬ ಹೆಣ್ಣುಮಗಳ ಒದ್ದಾಟದಲ್ಲಿದೆ. ಹುಟ್ಟಿದ್ದು 1823ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಅಪ್ಪ ಆಂಗ್ಲಿಕನ್ ಪಾದ್ರಿ. ಮಗಳು ಕ್ಯಾಥೋಲಿಕ್ ಆದರು, ಬೇರೊಂದು ಸಭೆಯ ಸಿಸ್ಟರ್ ಆದರು, ಕಲ್ಲಿಕೋಟೆಗೆ ಬಂದು ಕೆಲಸ ಮಾಡಿದರು. ಮನಸ್ಸು ಮಾತ್ರ ಕಾರ್ಮೆಲ್‌ನ ಮೌನದ ಕಡೆಗೇ ಎಳೆಯುತ್ತಿತ್ತು. ಹಾಗಂತ ಇಲ್ಲಿನ ಹೆಣ್ಣುಮಕ್ಕಳನ್ನು ಮರೆಯಲೂ ಆಗಲಿಲ್ಲ. ಕೊನೆಗೆ, ಮದರ್ ವೆರೋನಿಕಾ ಆಗಿ, ಎರಡನ್ನೂ ಒಂದೇ ಬದುಕಿಗೆ ಹೊಂದಿಸಿದರು. 1868ರ ಜುಲೈ 16, ಕಾರ್ಮೆಲ್ ಮಾತೆಯ ಹಬ್ಬದ ದಿನ, ಫ್ರಾನ್ಸಿನ ಬಯೋನ್‌ನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆ ಶುರುವಾಯಿತು.

ಮುಂದಿನದು ನನಗೆ ತುಂಬ ಇಷ್ಟವಾದ ಭಾಗ. 1870ರ ನವೆಂಬರ್‌ನಲ್ಲಿ ಮಂಗಳೂರಿಗೆ ಬಂದದ್ದು ಒಂದಲ್ಲ, ಎರಡು ಕಾರ್ಮೆಲ್. ಅಲ್ಲಿನ ಬಿಷಪ್ ಮರಿ ಎಫ್ರೆಮ್ ಸ್ವತಃ ಕಾರ್ಮೆಲ್ ಸಭೆಯವರು. ಅವರಿಗೆ ಎರಡೂ ಬೇಕಿತ್ತು. ಒಂದು ಗುಂಪು ಹೊರಗೆ ಬಾರದೆ ಮಠದ ಕಂಬಿಯ ಹಿಂದೆ ಪ್ರಾರ್ಥನೆಗೆ ಕುಳಿತಿತು. 2015ರಲ್ಲಿ ಸಂತಳೆಂದು ಘೋಷಿತಳಾದ ಮರಿಯಂ ಬವಾರ್ದಿ ಈ ಗುಂಪಿನವಳೇ. ಇನ್ನೊಂದು ಮದರ್ ವೆರೋನಿಕಾ ಅವರ ಸಭೆಯದು, ಅದರಲ್ಲಿ ಇದ್ದವರು ಮೂರೇ ಜನ. ಅವರು ಸೇಂಟ್ ಆನ್ಸ್ ಶಾಲೆಯಲ್ಲಿ ಪಾಠ ಹೇಳಲು ನಿಂತರು.

ಹಾಗಾದರೆ ಎ.ಸಿ. ಸಿಸ್ಟರುಗಳು ಅರ್ಧ ಮಠ, ಅರ್ಧ ಶಾಲೆಯೇ? ಹಾಗೆ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಾಲು ಮಾಡಿಕೊಂಡ ಬದುಕಲ್ಲ ಅದು. ಮೊದಲು ಪ್ರಾರ್ಥನೆ, ಶಾಲೆ ಅದರಿಂದ ಹುಟ್ಟಿದ್ದು. ನಮ್ಮ ಗಣಿತದ ಸಿಸ್ಟರ್ ಬೆಳಗಿನ ಬೆಲ್ಲಿಗೆ ಮೊದಲು ಚಾಪೆಲ್‌ನ ಕೊನೇ ಬೆಂಚಿನಲ್ಲಿ ಸುಮ್ನೆ ಕೂತಿರುತ್ತಿದ್ದರು. ತಿದ್ದಿದ ನೋಟ್‌ಬುಕ್ಕುಗಳ ಕಟ್ಟು ಪಕ್ಕದಲ್ಲೇ. ಬೆಲ್ ಆದ ಕೂಡಲೇ ಅದನ್ನೆತ್ತಿಕೊಂಡು ಕ್ಲಾಸಿಗೆ. ಆಗ ನಮಗೆ ನಮ್ಮ ಮಾರ್ಕಿನದ್ದೇ ಚಿಂತೆ ಜಾಸ್ತಿ.

ಮದರ್ ವೆರೋನಿಕಾ ಆ ಮೂವರ ಜೊತೆ ಬರಲಿಲ್ಲ. ಮುಂದೆ ಫ್ರಾನ್ಸಿನ ಪೋ ಊರಿನ ಮೌನದ ಮಠಕ್ಕೇ ಮರಳಿದರು. 1906ರಲ್ಲಿ ತೀರಿಕೊಂಡರು. ಮಂಗಳೂರಿನಲ್ಲಿ ಅವರ ಸಿಸ್ಟರುಗಳು ಹೆಣ್ಣುಮಕ್ಕಳಿಗಾಗಿ ಸೇಂಟ್ ಆಗ್ನೆಸ್ ಕಾಲೇಜು ತೆರೆದಾಗ 1921 ಆಗಿತ್ತು.