ಸಂದರ್ಶನಕ್ಕೆ ದುಬಾರಿ ಶರ್ಟೇ ಬೇಕೇ?

ದಾವಣಗೆರೆಯ ಮಂಡಿಪೇಟೆಯ ಹತ್ತಿರ ನಮ್ಮ ಹೊಲಿಗೆ ಅಂಗಡಿ. ಕಾಲೇಜುಗಳಲ್ಲಿ ಕ್ಯಾಂಪಸ್ ಸಂದರ್ಶನ ಶುರುವಾಯಿತೆಂದರೆ ಹುಡುಗರು, ಅವರ ಹಿಂದೆಯೇ ಅಪ್ಪ ಅಮ್ಮಂದಿರು ಬಂದು ಕೇಳುವುದು ಒಂದೇ: "ಮಾಸ್ಟರ್, ದುಬಾರಿ ಬಟ್ಟೆಯನ್ನೇ ತರಬೇಕೇ? ಬಟ್ಟೆ ನೋಡಿ ಕೆಲಸ ಕೊಡುತ್ತಾರೆಯೇ?"

ಕೊಡುವುದಿಲ್ಲ. ಆದರೆ ನೋಡದೆಯೂ ಬಿಡುವುದಿಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ಮುಖಕ್ಕೆ ಬೇರೆ ಬೇರೆ ಉಡುಪು ಜೋಡಿಸಿ ಜನರಿಗೆ ತೋರಿಸಿದ್ದರು. ಸ್ವಲ್ಪ ಸಿರಿವಂತಿಕೆ ಕಾಣುವ ಉಡುಪಿನಲ್ಲಿ ಅದೇ ಮುಖ ಹೆಚ್ಚು ಸಮರ್ಥವಾಗಿ ಕಂಡಿತು. ಕೆಲವರಿಗೆ ಚಿತ್ರ ಕಂಡದ್ದು ಸುಮಾರು 130 ಮಿಲಿಸೆಕೆಂಡು ಮಾತ್ರ. ಬಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಮೊದಲೇ ಹೇಳಿದಾಗಲೂ ಫಲಿತಾಂಶ ಹಾಗೆಯೇ ಉಳಿಯಿತು. 2019ರ ಕೊನೆಯಲ್ಲಿ ಪ್ರಕಟವಾದ ಅಧ್ಯಯನ ಅದು.

ಇದನ್ನು ಕೇಳಿ ಸಾಲ ಮಾಡಿ ಬ್ರಾಂಡೆಡ್ ಶರ್ಟು ಕೊಳ್ಳಲು ಹೊರಡಬೇಡಿ. ಮೇಜಿನ ಆಚೆ ಕೂತವರಿಗೆ ಬಿಲ್ಲು ಕಾಣುವುದಿಲ್ಲ. ಶರ್ಟು ಮೈಗೆ ಕೂತಿದೆಯೋ ಇಲ್ಲವೋ ಎಂಬುದು ಕಾಣುತ್ತದೆ. ತೋಳು ಜೋಡಿಸಿದ ಹೊಲಿಗೆ ಭುಜದ ಮೂಳೆಯ ತುದಿಗೆ ಬರಬೇಕು. ಒಂದಿಂಚು ಕೆಳಗೆ ಜಾರಿದರೂ ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಕಾಣುತ್ತೀರಿ. ಕಾಲರಿನ ಗುಂಡಿ ಹಾಕಿದ ಮೇಲೆ ಕತ್ತಿನ ಸಂದಿಯಲ್ಲಿ ಎರಡು ಬೆರಳು ಆಡಬೇಕು. ಸೊಂಟ ಹಿಡಿಸುವುದು, ಉದ್ದ ಮಡಿಸುವುದು ನಮಗೆ ಸಣ್ಣ ಕೆಲಸ. ಭುಜ ಬಿಚ್ಚಿ ಹೊಲಿಯುವುದು ಮಾತ್ರ ದೊಡ್ಡ ತಲೆನೋವು, ಹಾಗಾಗಿ ರೆಡಿಮೇಡ್ ಕೊಳ್ಳುವವರು ಬಣ್ಣಕ್ಕಿಂತ ಮೊದಲು ಭುಜ ನೋಡಿ.

ನಮ್ಮೂರ ಜವಳಿ ವ್ಯಾಪಾರಿಗಳ ಕಣ್ಣೇ ಬೇರೆ. ಮಾರುಕಟ್ಟೆಯಲ್ಲಿ ಮೆಕ್ಕೆಜೋಳ ಮಾರಿದ ರೈತ ಧೂಳು ಹಿಡಿದ ಪಂಚೆಯಲ್ಲೇ ಒಳಗೆ ಬಂದರೂ "ಬನ್ನಿ ಯಜಮಾನರೇ" ಎಂದು ಕೂರಿಸಿ, ನೀರು ಕೊಟ್ಟು, ಸೀರೆ ಬಿಚ್ಚಿ ಹರಡುತ್ತಾರೆ. ಮಗಳ ಮದುವೆಗೆ ಇಡೀ ಮನೆಯ ಜವಳಿ ತೆಗೆಯುವವರು ಅವರೇ ಇರಬಹುದಲ್ಲ! ಈ ಬುದ್ಧಿ ಸಂಸ್ಕಾರದಿಂದ ಬಂತೆಂದು ನಾನು ನಂಬುವುದಿಲ್ಲ. ಒಳ್ಳೆಯ ಗಿರಾಕಿ ಪಕ್ಕದ ಅಂಗಡಿಗೆ ಹೋದ ನಷ್ಟ ಕಲಿಸಿದ್ದು. ಸಂದರ್ಶನ ಮಾಡುವವರಿಗೆ ಆ ನಷ್ಟ ತಟ್ಟುವುದೇ ಇಲ್ಲ. ಬೇಡವೆಂದು ಕಳಿಸಿದ ಹುಡುಗ ಎಷ್ಟು ಚುರುಕಾಗಿದ್ದ ಎಂದು ಅವರಿಗೆ ಯಾರು ಬಂದು ಹೇಳುತ್ತಾರೆ? ಅವರ ಕಣ್ಣಿನ ದೋಷಕ್ಕೆ ಹುಡುಗ ಅಂಗಿ ತಿದ್ದಿಕೊಳ್ಳಬೇಕು. ಅನ್ಯಾಯವೇ ಸರಿ, ಆದರೆ ನಾಡಿದ್ದು ಸಂದರ್ಶನ ಇರುವವನಿಗೆ ನ್ಯಾಯದ ಮಾತು ಹೇಳಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ.

ಬಿಳಿ ಅಥವಾ ತಿಳಿನೀಲಿ ಶರ್ಟು, ಕಡುಬಣ್ಣದ ಪ್ಯಾಂಟು, ಇಸ್ತ್ರಿ, ಇಷ್ಟು ಸಾಕು. ಟೈ ಕಟ್ಟಲು ಬಾರದಿದ್ದರೆ ಕಟ್ಟಬೇಡಿ. ಇನ್ನು, ಹಿಂದಿನ ದಿನವೇ ಬಟ್ಟೆ ತೊಟ್ಟು ಕುರ್ಚಿಯಲ್ಲಿ ಕೂತು ನೋಡಿ. ನಿಂತಾಗ ಸರಿಯಾಗಿದ್ದ ಶರ್ಟು ಕೂತಾಗ ಹೊಟ್ಟೆಯ ಮೇಲಿನ ಎರಡು ಗುಂಡಿಗಳ ನಡುವೆ ಬಾಯಿ ಬಿಡುತ್ತದೆ. ಹೊಲಿಗೆಯ ಒಳಗೆ ಬಟ್ಟೆ ಉಳಿದಿದ್ದರೆ ಸಂಜೆಯೊಳಗೆ ಬಿಚ್ಚಿ ಸಡಿಲ ಮಾಡಿಕೊಡಬಹುದು. ಸಂದರ್ಶನದ ದಿನ ಬೆಳಿಗ್ಗೆ ಎಂಟಕ್ಕೆ ತಂದರೆ ನನ್ನಿಂದ ಆಗುವುದಿಲ್ಲ.